ಮೊರಾಂಡಿ ಮನೆಯ ಬಾಟಲಿಗಳು

ನಮಸ್ಕಾರ. ಕಂಬಗಳ ಸಾಲಿರೋ ಈ ಬೀದಿ ಇಟಲಿಯ ಬೊಲೋನ್ಯಾ ನಗರದ ವಿಯಾ ಫೊಂದಾತ್ಸಾ. ಮನೆ ನಂಬರ್ 36. ಚಿತ್ರಕಾರ ಜಾರ್ಜೊ ಮೊರಾಂಡಿ 1910ರಲ್ಲಿ ಈ ಬೀದಿಗೆ ಬಂದವರು, 1964ರಲ್ಲಿ ತೀರಿಕೊಳ್ಳೋವರೆಗೂ ಇಲ್ಲಿಯವರೇ. ಮದುವೆ ಆಗಲಿಲ್ಲ, ಮೂವರು ತಂಗಿಯರ ಜೊತೆ ಇದ್ದರು. ಅವರ ಕೋಣೆಗೆ ಹೋಗೋಕೆ ತಂಗಿಯರ ಕೋಣೆ ದಾಟಿಕೊಂಡೇ ಹೋಗಬೇಕಿತ್ತು. ಮಲಗೋ ಮಂಚವೂ ಅಲ್ಲೇ, ಚಿತ್ರ ಬರೆಯೋ ಸ್ಟ್ಯಾಂಡೂ ಅಲ್ಲೇ.

ಈ ಬಾಟಲಿ, ಡಬ್ಬಿ, ಹೂಜಿಗಳನ್ನೇ ಅವರು ಜೀವಮಾನವಿಡೀ ಹೆಚ್ಚಾಗಿ ಬರೆದಿದ್ದು. ಗಾಜು ಫಳಫಳ ಹೊಳೀಬಾರದು ಅಂತ ಬಾಟಲಿಗಳಿಗೇ ಬಣ್ಣ ಬಳಿದಿದ್ದಾರೆ. ಮೇಲೆ ಕೂತ ಧೂಳನ್ನೂ ಒರೆಸ್ತಿರಲಿಲ್ಲ. ಯಾವ ವಸ್ತು ಎಲ್ಲಿ ನಿಂತಿತ್ತು ಅಂತ ಮೇಜಿನ ಮೇಲೆ ಹಾಸಿದ ಕಾಗದದಲ್ಲಿ ಪೆನ್ಸಿಲ್ ಗುರುತು ಹಾಕಿಕೊಳ್ತಿದ್ದರು.

ಅದು ಇಟಲಿಯಲ್ಲಿ ಫ್ಯಾಸಿಸ್ಟ್ ಸರ್ವಾಧಿಕಾರಿ ಮುಸೊಲಿನಿ ಆಳುತ್ತಿದ್ದ ಕಾಲ. 1933ರಲ್ಲಿ ಫ್ಯಾಸಿಸಂ ಪರವಾಗಿದ್ದ ಚಿತ್ರಕಾರ ಮಾರಿಯೋ ಸಿರೋನಿ ಭಿತ್ತಿಚಿತ್ರದ ಪ್ರಣಾಳಿಕೆಯನ್ನೇ ಬರೆದರು: ಕಲೆ ಗೋಡೆಗಳ ಮೇಲೆ ಬರಬೇಕು, ಜನಸಮೂಹವನ್ನ ತಲುಪಬೇಕು ಅಂತ. ಆಗ ಮೊರಾಂಡಿ ಇಲ್ಲಿ ಕೂತು ಬಾಟಲಿ ಬರೀತಿದ್ದರು. ಹಾಗಂತ ಅವರನ್ನ ಪ್ರತಿರೋಧದ ನಾಯಕ ಅಂತ ಮೆರೆಸೋದು ನನಗೆ ಒಪ್ಪಿಗೆ ಇಲ್ಲ. 1928ರಲ್ಲಿ ಊರಿನ ಫ್ಯಾಸಿಸ್ಟ್ ಪತ್ರಿಕೆಗೆ ಬರೆದ ಆತ್ಮಪರಿಚಯದಲ್ಲಿ, ಫ್ಯಾಸಿಸಂ ಮೇಲೆ ಶುರುವಿನಿಂದಲೂ ನಂಬಿಕೆ ಇತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. 1930ರಲ್ಲಿ ಕಲಾ ಅಕಾಡೆಮಿಯಲ್ಲಿ ಎಚಿಂಗ್, ಅಂದರೆ ಲೋಹದ ತಗಡಿನಿಂದ ಅಚ್ಚು ತೆಗೆಯೋ ಚಿತ್ರಕಲೆ, ಕಲಿಸೋ ಕೆಲಸ ಸಿಕ್ಕಿತು. ಅದೇ ಮನುಷ್ಯನನ್ನ 1943ರಲ್ಲಿ, ಫ್ಯಾಸಿಸ್ಟ್ ವಿರೋಧಿ ಗೆಳೆಯರ ನಂಟಿದೆ ಅಂತ ಕೆಲ ದಿನ ಸೆರೆಯಲ್ಲಿಟ್ಟಿದ್ದರು. ಎರಡೂ ನಿಜ. ಒಂದನ್ನ ಹೇಳಿ ಇನ್ನೊಂದನ್ನ ಮುಚ್ಚಿಟ್ಟರೆ ಮೊರಾಂಡಿಗೂ ಅನ್ಯಾಯ, ಆ ಕಾಲಕ್ಕೂ ಅನ್ಯಾಯ.

ಈಗ ನನಗೆ ಪ್ರಾಣವಾದ ವಿಷಯಕ್ಕೆ ಬರ್ತೀನಿ, ಅವರ ಎಚಿಂಗ್. ತಾಮ್ರದ ತಗಡಿಗೆ ಮೇಣದ ಲೇಪ ಹಚ್ಚಿ, ಸೂಜಿಯಲ್ಲಿ ಗೀರಿ, ಆಸಿಡ್‌ನಲ್ಲಿ ಅದ್ದೋದು. ಗೀರಿದ ಕಡೆ ಮಾತ್ರ ಆಸಿಡ್ ತಿನ್ನುತ್ತೆ, ಆ ಗೆರೆಗಳಲ್ಲಿ ಮಸಿ ನಿಲ್ಲುತ್ತೆ, ಮೇಲೆ ಕಾಗದ ಒತ್ತಿದರೆ ಪ್ರಿಂಟ್ ಬರುತ್ತೆ. ಇದನ್ನ ಅವರು ಹಳೇ ಕೈಪಿಡಿಗಳನ್ನ ಓದಿ, 17ನೇ ಶತಮಾನದ ಡಚ್ ಕಲಾವಿದ ರೆಂಬ್ರಾಂಟ್‌ನ ಪ್ರಿಂಟ್‌ಗಳನ್ನ ನೋಡಿ ತಾವೇ ಕಲಿತಿದ್ದು.

1930ರಲ್ಲಿ ಮಾಡಿದ, ಸೀಮೆಎಣ್ಣೆ ದೀಪ ಇರೋ ದೊಡ್ಡ ಸ್ಟಿಲ್ ಲೈಫ್ (ಜೋಡಿಸಿಟ್ಟ ವಸ್ತುಗಳ ಚಿತ್ರ) ಎಚಿಂಗ್ ಒಂದಿದೆ. ಅಂಥ ಪ್ರಿಂಟ್ ಸಿಕ್ಕಿದರೆ ಹತ್ತಿರ ಹೋಗಿ, ಗಾಜಿಗೆ ಮೂಗು ತಾಗೋಷ್ಟು. ಬಾಟಲಿಯ ಅಂಚು ಹುಡುಕಿ. ಅಂಚಿಗೆ ಅಂತ ಬೇರೆ ಗೆರೆ ಎಳೆದಿರೋದೇ ಅಪರೂಪ. ಬರೀ ಅಡ್ಡಡ್ಡ, ಓರೆ ಗೆರೆಗಳ ಹೆಣಿಗೆ. ಅದು ಒಂದು ಕಡೆ ದಟ್ಟವಾಗುತ್ತೆ, ಪಕ್ಕದಲ್ಲೇ ತೆಳುವಾಗುತ್ತೆ. ಆ ವ್ಯತ್ಯಾಸದಲ್ಲೇ ಬಾಟಲಿ ಎದ್ದು ನಿಲ್ಲುತ್ತೆ. ಬೆಳಕು ಅಂತ ಕಾಣೋದು ಸೂಜಿ ಮುಟ್ಟದೇ ಬಿಟ್ಟ ಖಾಲಿ ಕಾಗದ. ಇದನ್ನ ನೋಡಿದ ಮೇಲೆ ಅವರ ತೈಲಚಿತ್ರಗಳೂ ಬೇರೆ ಥರ ಕಾಣ್ತವೆ: ಎರಡು ಡಬ್ಬಿಗಳ ನಡುವಿನ ಸಂದನ್ನ ಡಬ್ಬಿಯಷ್ಟೇ ಶ್ರದ್ಧೆಯಿಂದ ಬರೆದಿರೋದು ಗೊತ್ತಾಗುತ್ತೆ.

ಮೊರಾಂಡಿ ಮ್ಯೂಸಿಯಂ ಈಗ ಮಾಂಬೋ ಅನ್ನೋ ಆಧುನಿಕ ಕಲಾ ಸಂಗ್ರಹಾಲಯದ ಒಳಗಿದೆ, ರೈಲ್ವೆ ಸ್ಟೇಷನ್ನಿಂದ ನಡೆದೇ ಹೋಗಬಹುದು. ಹೋದರೆ ಮೊದಲು ಎಚಿಂಗ್‌ಗಳನ್ನ ನೋಡಿ, ಬಣ್ಣದ ಚಿತ್ರಗಳು ಆಮೇಲೆ.