ಅಲೆಯ ಬೆನ್ನಟ್ಟುವ ರಾಡಾರ್: ಸಾಕ್ಷಿ ಹೌದು, ಪೂರ್ತಿ ಸಾಕ್ಷಿಯಲ್ಲ

ದಡದಲ್ಲಿ ಗಾಳಿಯೇ ಇಲ್ಲ. ಆದರೂ ಆಳೆತ್ತರದ ಅಲೆಗಳು ಸಾಲಾಗಿ ಬರುತ್ತಿರುತ್ತವೆ. ಎಷ್ಟೋ ಸಲ ಅವು ಹೊರಟಿದ್ದು ಸಾವಿರಾರು ಕಿಲೋಮೀಟರ್ ಆಚೆ, ಯಾವತ್ತೋ ಎದ್ದು ಅಡಗಿಹೋದ ಬಿರುಗಾಳಿಯಿಂದ. ಇವಕ್ಕೆ ಸ್ವೆಲ್ ಅಂತಾರೆ. ನನ್ನ ಪ್ರಶ್ನೆ ಇಷ್ಟೇ: ಹೊರಟಲ್ಲಿಂದ ಮುಟ್ಟುವಷ್ಟರಲ್ಲಿ ಆ ಅಲೆಗೆ ಏನೇನಾಯ್ತು?

ಸಮುದ್ರದಲ್ಲಿ ತೇಲುತ್ತಾ ಅಲೆ ಅಳೆಯುವ ಉಪಕರಣಗಳಾದ ಬಾಯ್‌ಗಳನ್ನು (buoy) ಕೇಳಿದರೆ ತಾವಿರುವ ಜಾಗದ ಲೆಕ್ಕ ಮಾತ್ರ ಕೊಡ್ತವೆ. 1963ರಲ್ಲಿ ಸಾಗರ ವಿಜ್ಞಾನಿ ವಾಲ್ಟರ್ ಮಂಕ್ ಮತ್ತು ಸಂಗಡಿಗರು ನ್ಯೂಜಿಲೆಂಡ್‌ನಿಂದ ಅಲಾಸ್ಕಾವರೆಗೆ ಅಳತೆ ಕೇಂದ್ರಗಳನ್ನಿಟ್ಟು, ದಕ್ಷಿಣದ ಬಿರುಗಾಳಿಗಳ ಅಲೆಗಳನ್ನು ಪೆಸಿಫಿಕ್ ಉದ್ದಕ್ಕೂ ಹಿಂಬಾಲಿಸಿದರು. ಅಪಾರ ಶ್ರಮ, ಆದರೆ ಬೆರಳೆಣಿಕೆಯ ಕೇಂದ್ರಗಳು.

ಉಪಗ್ರಹದ ರಾಡಾರ್ ಈ ಕೊರತೆ ತುಂಬಿತು. ಅಮೆರಿಕದ ಸೀಸ್ಯಾಟ್ ಉಪಗ್ರಹ 1978ರಲ್ಲೇ ದಾರಿ ತೋರಿಸಿತ್ತು. ಈಗ ಯುರೋಪಿನ ಸೆಂಟಿನೆಲ್-1 ಉಪಗ್ರಹ ತೆರೆದ ಸಾಗರದ ಮೇಲೆ ಹೋಗುವಾಗ ಸುಮಾರು ನೂರು ಕಿಲೋಮೀಟರ್‌ಗೊಮ್ಮೆ, 20 ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ಒಂದೊಂದು ತುಣುಕು ಚಿತ್ರ ತೆಗೆಯುತ್ತದೆ. ಮೋಡ, ಕತ್ತಲೆ ಯಾವುದೂ ಅಡ್ಡಿಯಲ್ಲ. ಪ್ರತಿ ತುಣುಕಿನಿಂದ ಅಲೆಯ ಉದ್ದ, ದಿಕ್ಕು ಸಿಗುತ್ತದೆ. ಆಳ ಸಮುದ್ರದಲ್ಲಿ ಉದ್ದನೆಯ ಅಲೆ ಬೇಗ ಓಡುತ್ತದೆ. 15 ಸೆಕೆಂಡ್ ಅವಧಿಯ (ಅಂದರೆ ಒಂದು ಶಿಖರದಿಂದ ಮುಂದಿನ ಶಿಖರಕ್ಕೆ 15 ಸೆಕೆಂಡ್ ಹಿಡಿಯುವ) ಅಲೆ ಸುಮಾರು 350 ಮೀಟರ್ ಉದ್ದ ಇರುತ್ತದೆ, ಅದರ ಶಕ್ತಿ ದಿನಕ್ಕೆ ಸಾವಿರ ಕಿಲೋಮೀಟರ್ ಸಾಗುತ್ತದೆ. ಈ ಲೆಕ್ಕ ಕೈಯಲ್ಲಿದ್ದರೆ ತುಣುಕುಗಳನ್ನು ಹಿಂದಕ್ಕೆ ಜೋಡಿಸಿ ಬಿರುಗಾಳಿಯ ತಾಣಕ್ಕೇ ಮುಟ್ಟಬಹುದು. ಯುರೋಪಿನ ಹಿಂದಿನ ಉಪಗ್ರಹ ಎನ್ವಿಸ್ಯಾಟ್‌ನ ದತ್ತಾಂಶದಿಂದ ಹೀಗೆಯೇ ತಿಳಿದದ್ದು: ಕಡಿದಾದ (ಉದ್ದಕ್ಕೆ ಹೋಲಿಸಿದರೆ ಎತ್ತರ ಹೆಚ್ಚಿರುವ) ಸ್ವೆಲ್ ದಾರಿಯಲ್ಲಿ ಗಣನೀಯವಾಗಿ ಸೊರಗುತ್ತದೆ, ಮೆಲುವಾದದ್ದು ಸಾಗರವನ್ನೇ ದಾಟಿದರೂ ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ. ಮೇಲಿನ ಗಾಳಿಯೊಂದಿಗಿನ ತಿಕ್ಕಾಟ ಹೀಗೆ ಸೊರಗಲು ಒಂದು ಕಾರಣ ಇರಬಹುದು ಎನ್ನುತ್ತಾರೆ.

ಇಷ್ಟು ಹೊಗಳಿದ ಮೇಲೆ ಜಗಳಕ್ಕೂ ಬರ್ತೀನಿ. ರಾಡಾರ್ ಅಲೆಯ ಎತ್ತರವನ್ನು ನೇರವಾಗಿ ನೋಡುವುದೇ ಇಲ್ಲ. ಅದಕ್ಕೆ ಕಾಣುವುದು ಅಲೆಯ ಮೈಮೇಲಿನ ಕೆಲವೇ ಸೆಂಟಿಮೀಟರ್‌ಗಳ ಸಣ್ಣ ತರಂಗಗಳು. ಅದರಲ್ಲೂ, ನೀರು ಅಲುಗಾಡದೆ ನಿಂತಿದೆ ಎಂದುಕೊಂಡು ಚಿತ್ರ ಕಟ್ಟುತ್ತದೆ. ನೀರು ನಿಲ್ಲುತ್ತದೆಯೇ? ಅದಕ್ಕೇ ಉಪಗ್ರಹ ಹೋಗುವ ದಿಕ್ಕಿನಲ್ಲೋ ಅದರ ಎದುರಿಗೋ ಸಾಗುವ, ಸುಮಾರು 200 ಮೀಟರಿಗಿಂತ ಚಿಕ್ಕ ಅಲೆಗಳು ಎಷ್ಟೋ ವೇಳೆ ಮಸುಕಾಗಿ ಮಾಯವಾಗುತ್ತವೆ. ಚಿತ್ರದಲ್ಲಿಲ್ಲ ಅಂದಮಾತ್ರಕ್ಕೆ ಸಮುದ್ರದಲ್ಲಿಲ್ಲ ಅಂತಲ್ಲ. ಅಚ್ಚುಕಟ್ಟಾದ ಬಣ್ಣದ ನಕ್ಷೆ ತೋರಿಸಿ "ಸಮುದ್ರ ಹೀಗಿದೆ" ಅನ್ನುವವರು ಈ ಮಾತನ್ನು ನುಂಗಿಬಿಡ್ತಾರೆ, ಅದೇ ನನಗೆ ಸಿಟ್ಟು.

ಹಾಗಾಗಿ ಉಪಗ್ರಹ ಇದೆಯಲ್ಲ, ಬಾಯ್‌ಗಳಿಗೆ ಯಾಕೆ ದುಡ್ಡು ಅನ್ನುವ ವಾದವನ್ನು ನಾನು ಒಪ್ಪೋದಿಲ್ಲ. ರಾಡಾರ್ ಚಿತ್ರದಿಂದ ಲೆಕ್ಕ ಹಾಕಿದ ಎತ್ತರ ನಿಜವೇ ಎಂದು ತೂಗಿನೋಡಲು ನೀರಿನಲ್ಲಿ ತೇಲುತ್ತಿರುವ ಒಂದು ಬಾಯ್ ಇರಲೇಬೇಕು.