ಹೆಸರು ಹರಿದು ವಾಪಸ್ ಕಳಿಸುವ ಚೀಟಿ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಜಾಸ್ತಿ ಜನ ಜಕ್ಕೂರಿನಲ್ಲಿ ಹಾರಾಟ ಕಲಿತವರು, ಇಲ್ಲವೇ ಈಗ ಕಲಿಯುತ್ತಿರುವವರು. ಹಾಗಾಗಿ ಆಟೋಪೈಲಟ್ ಅಂದರೇನು, ಅಪ್ರೋಚ್ ಅಂದರೇನು ಎಂದು ಶುರು ಮಾಡುವುದಿಲ್ಲ. ಸಂಘಟಕರು ಕೊಟ್ಟ ವಿಷಯ, ಕಾಕ್‌ಪಿಟ್‌ನಲ್ಲಿ ಗಮನ ತಪ್ಪುವುದು. ಗಮನ ಎಲ್ಲರಿಗೂ ತಪ್ಪುತ್ತದೆ. ನನ್ನನ್ನು ಕಾಡುವುದು ಅದರ ಮುಂದಿನ ಪ್ರಶ್ನೆ. ಗಮನ ತಪ್ಪಿತು, ಪುಣ್ಯಕ್ಕೆ ಏನೂ ಆಗಲಿಲ್ಲ, ವಿಮಾನ ಇಳಿಯಿತು. ಆಮೇಲೆ ನಾವು ಬಾಯಿ ಬಿಡುತ್ತೇವೋ ಇಲ್ಲವೋ?

ಒಂದು ಕಥೆ ಇದೆ. ಎಲ್ಲಿ ಹೋದರೂ ಹೇಳುತ್ತೇನೆ. ಮೊದಲೇ ಕೇಳಿದವರು ಇನ್ನೊಮ್ಮೆ ಕೇಳಿ.

1972ರ ಡಿಸೆಂಬರ್ 29. ಈಸ್ಟರ್ನ್ ಏರ್‌ಲೈನ್ಸ್ 401, ನ್ಯೂಯಾರ್ಕಿನಿಂದ ಮಯಾಮಿಗೆ. ಹೊಚ್ಚ ಹೊಸ ಟ್ರೈಸ್ಟಾರ್ ವಿಮಾನ, ಒಳಗೆ 176 ಜನ. ರಾತ್ರಿ ಹನ್ನೊಂದು ದಾಟಿದೆ. ಇಳಿಯಲು ಚಕ್ರ ಬಿಟ್ಟರು. ಮೂಗಿನ ಚಕ್ರ ಇಳಿದು ಭದ್ರವಾಗಿದೆ ಎಂದು ತೋರಿಸುವ ಹಸಿರು ದೀಪ ಹತ್ತಲಿಲ್ಲ. ಸರಿ, ಇಳಿಯುವುದನ್ನು ಬಿಟ್ಟು 2,000 ಅಡಿಗೆ ಏರಿದರು, ಆಟೋಪೈಲಟ್ ಹಾಕಿದರು, ಎವರ್‌ಗ್ಲೇಡ್ಸ್ ಎಂಬ ಜೌಗು ಪ್ರದೇಶದ ಕಡೆ ತಿರುಗಿದರು. ಇಲ್ಲಿಯವರೆಗೆ ಎಲ್ಲ ಸರಿಯಾಗೇ ಮಾಡಿದ್ದಾರೆ. ನೀವಾದರೂ ಇದನ್ನೇ ಮಾಡುತ್ತಿದ್ದಿರಿ.

ಆಮೇಲೆ ನೋಡಿ. ಕೋಪೈಲಟ್ ಆ ದೀಪದ ಗೂಡನ್ನು ಹೊರಗೆ ಎಳೆದ. ವಾಪಸ್ ಹಾಕುವಾಗ ಅದು ಓರೆಯಾಗಿ ಸಿಕ್ಕಿಕೊಂಡಿತು. ಬರಲೂ ಒಲ್ಲದು, ಕೂರಲೂ ಒಲ್ಲದು. ಕ್ಯಾಪ್ಟನ್ ಪಕ್ಕದಿಂದ ಹೀಗೆ ಮಾಡು, ಹಾಗೆ ಮಾಡು ಅನ್ನುತ್ತಿದ್ದಾರೆ. ಫ್ಲೈಟ್ ಎಂಜಿನಿಯರ್, ಚಕ್ರ ನಿಜವಾಗಿ ಇಳಿದಿದೆಯಾ ನೋಡೋಣ ಎಂದು ನೆಲದ ಬಾಗಿಲು ತೆಗೆದು ಕೆಳಗಿನ ಗೂಡಿಗೆ ಇಳಿದ. ಕಾಕ್‌ಪಿಟ್‌ನಲ್ಲಿದ್ದ ಇನ್ನೊಬ್ಬ ಮೆಕ್ಯಾನಿಕ್ ಕೂಡ ಅವನ ಹಿಂದೆ ಹೋದ. ಅಷ್ಟು ಜನರ ತಲೆಯಲ್ಲೂ ಆ ಒಂದು ಬಲ್ಬು. ವಿಮಾನ ಹಾರಿಸುತ್ತಿದ್ದವರು ಯಾರು? ಯಾರೂ ಇಲ್ಲ.

ಕ್ಯಾಪ್ಟನ್ ಹಿಂದೆ ತಿರುಗಿ ಮಾತಾಡುವಾಗ ಕಂಟ್ರೋಲ್ ಕಾಲಂಗೆ, ಅಂದರೆ ವಿಮಾನ ನಡೆಸುವ ಹಿಡಿಕೆಗೆ, ಸ್ವಲ್ಪ ಒತ್ತು ಬಿದ್ದಿರಬೇಕು. ಆಟೋಪೈಲಟ್‌ನಲ್ಲಿ ಎತ್ತರ ಹಿಡಿದಿಡುವ ಭಾಗ ಮಾತ್ರ ಕಳಚಿಕೊಂಡಿತು. ವಿಮಾನ ಮೆಲ್ಲಗೆ, ಬಹಳ ಮೆಲ್ಲಗೆ ಇಳಿಯತೊಡಗಿತು. 250 ಅಡಿ ಕುಸಿದಾಗ ಎಚ್ಚರಿಕೆಯ ಸದ್ದೊಂದು ಬಂತು, ಎಂಜಿನಿಯರ್ ಸೀಟಿನ ಹತ್ತಿರದ ಸ್ಪೀಕರಿನಿಂದ. ಎಂಜಿನಿಯರ್ ಕೆಳಗಿದ್ದ. ಹೊರಗೆ ಕಿಲೋಮೀಟರ್‌ಗಟ್ಟಲೆ ಜೌಗು, ಒಂದು ದೀಪ ಇಲ್ಲ. ರೇಡಾರಿನ ಮುಂದೆ ಕೂತ ಕಂಟ್ರೋಲರಿಗೆ 900 ಅಡಿ ಅಂತ ಕಂಡಿತು. ಅವನು ಎತ್ತರದ ಮಾತೇ ಎತ್ತಲಿಲ್ಲ, ಅಲ್ಲಿ ಎಲ್ಲ ಹೇಗೆ ನಡೀತಿದೆ ಎಂದಷ್ಟೇ ಕೇಳಿದ. ಕೊನೆಯ ಕ್ಷಣದಲ್ಲಿ ಕೋಪೈಲಟ್, "ನಾವು ಇನ್ನೂ ಎರಡು ಸಾವಿರದಲ್ಲೇ ಇದ್ದೀವಿ, ಅಲ್ವಾ?" ಅಂದ.

101 ಜನ ಹೋದರು. ಚಕ್ರ ಇಳಿದು ಭದ್ರವಾಗಿ ಕೂತಿತ್ತು. ಸುಟ್ಟುಹೋಗಿದ್ದದ್ದು ಬಲ್ಬು.

ಇನ್ನೊಂದನ್ನು ಬೇಗ ಹೇಳುತ್ತೇನೆ. 1974ರ ಸೆಪ್ಟೆಂಬರಿನಲ್ಲಿ ಅಮೆರಿಕದ ಷಾರ್ಲಟ್ ಊರಿನ ಹತ್ತಿರ, ಮಂಜಿನಲ್ಲಿ ಇಳಿಯುವಾಗ, ಪೈಲಟ್‌ಗಳು ರಾಜಕೀಯ, ಹಳೇ ಕಾರು ಅಂತ ಹರಟುತ್ತಾ ಇದ್ದರು. ವಿಮಾನ ರನ್‌ವೇಗಿಂತ ಮೊದಲೇ ನೆಲಕ್ಕೆ ಬಡಿಯಿತು. ನೀವು ಪರೀಕ್ಷೆಗೆ ಓದುವ ಸ್ಟೆರೈಲ್ ಕಾಕ್‌ಪಿಟ್ ನಿಯಮ, 10,000 ಅಡಿಯ ಕೆಳಗೆ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ ಎನ್ನುವುದು, ಇಂಥ ಸಾವುಗಳಿಂದ ಬಂದದ್ದು. ಅದು ನಿಯಮವಾಗಲು 1981 ಬರಬೇಕಾಯಿತು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. 1974ರ ಡಿಸೆಂಬರ್ 1. ಟಿಡಬ್ಲ್ಯೂಎ ಕಂಪನಿಯ 514 ವಿಮಾನ ವಾಷಿಂಗ್ಟನ್ ಹತ್ತಿರದ ಡಲ್ಲೆಸ್‌ನಲ್ಲಿ ಇಳಿಯಬೇಕಿತ್ತು. ಕಂಟ್ರೋಲರ್ ಅಪ್ರೋಚಿಗೆ ಕ್ಲಿಯರೆನ್ಸ್, ಅಂದರೆ ಇಳಿಯುವ ದಾರಿ ಹಿಡಿಯಲು ಅನುಮತಿ, ಕೊಟ್ಟ. ಹಾಗಾದರೆ 1,800 ಅಡಿಗೆ ಇಳಿಯಬಹುದು ಎಂದು ಪೈಲಟ್‌ಗಳು ತಿಳಿದುಕೊಂಡರು. ಮುಂದೆ ಮೌಂಟ್ ವೆದರ್ ಬೆಟ್ಟ. 92 ಜನ, ಒಬ್ಬರೂ ಉಳಿಯಲಿಲ್ಲ.

ಹೊಟ್ಟೆ ಉರಿಯುವ ಸಂಗತಿ ಏನು ಗೊತ್ತಾ? ಆರು ವಾರ ಮೊದಲು ಯುನೈಟೆಡ್ ಏರ್‌ಲೈನ್ಸ್‌ನ ಪೈಲಟ್‌ಗಳು ಅದೇ ಜಾಗದಲ್ಲಿ ಅದೇ ತಪ್ಪು ಮಾಡಿ ಕೂದಲೆಳೆಯಲ್ಲಿ ಬಚಾವಾಗಿದ್ದರು. ಅವರು ತಮ್ಮ ಕಂಪನಿಗೆ ಹೇಳಿದರು. ಕಂಪನಿ ತನ್ನ ಪೈಲಟ್‌ಗಳನ್ನೆಲ್ಲ ಎಚ್ಚರಿಸಿತು. ಆದರೆ ಆ ಮಾತು ಆ ಕಂಪನಿಯ ಗೇಟು ದಾಟಲಿಲ್ಲ. 92 ಜನರನ್ನು ಉಳಿಸಬಹುದಾಗಿದ್ದ ಮಾತು ಪಕ್ಕದ ಮನೆಯಲ್ಲೇ ಇತ್ತು!

ಆಮೇಲೆ ಅಮೆರಿಕದಲ್ಲಿ ವಿಮಾನಯಾನದ ನಿಯಮ ನೋಡಿಕೊಳ್ಳುವ ಎಫ್‌ಎಎ, ನಿಮ್ಮ ತಪ್ಪುಗಳನ್ನು ನಮಗೇ ಬರೆದು ಕಳಿಸಿ, ಶಿಕ್ಷೆ ಇಲ್ಲ ಎಂದಿತು. ಪೈಲಟ್‌ಗಳು ನಂಬಲಿಲ್ಲ. ಸಿಗ್ನಲ್ ಜಂಪ್ ಮಾಡಿದೆ ಎಂದು ಹೇಳಲು ನಾವು ಟ್ರಾಫಿಕ್ ಪೊಲೀಸರ ಹತ್ತಿರ ಹೋಗುತ್ತೇವಾ? ಕೋಲು ಹಿಡಿದವನ ಕೈಗೆ ಯಾರೂ ಪತ್ರ ಕೊಡುವುದಿಲ್ಲ. ಹಾಗಾಗಿ 1976ರಲ್ಲಿ ನಾಸಾವನ್ನು ನಡುವೆ ತಂದರು. ನಾಸಾ ಯಾರ ಲೈಸೆನ್ಸನ್ನೂ ಕಿತ್ತುಕೊಳ್ಳಲಾರದು, ಯಾರಿಗೂ ದಂಡ ಹಾಕಲಾರದು.

ಆ ಫಾರಂ ಹೇಗಿತ್ತು ಗೊತ್ತಾ? ಮೇಲ್ಗಡೆ ಒಂದು ಚೀಟಿ, ಅದರಲ್ಲಿ ನಿಮ್ಮ ಹೆಸರು, ವಿಳಾಸ. ಕೆಳಗೆ ನಡೆದದ್ದು. ಓದುವವರಿಗೆ ಏನಾದರೂ ಸಂಶಯ ಬಂದರೆ ನಿಮಗೆ ಫೋನ್ ಮಾಡಿ ಕೇಳುತ್ತಾರೆ. ಆಮೇಲೆ ಆ ಹೆಸರಿನ ಚೀಟಿಯನ್ನು ಹರಿದು, ಮೊಹರು ಒತ್ತಿ, ನಿಮಗೇ ವಾಪಸ್ ಕಳಿಸುತ್ತಾರೆ. ಅವರ ಹತ್ತಿರ ಉಳಿಯುವುದು ತಪ್ಪು ಮಾತ್ರ, ತಪ್ಪು ಮಾಡಿದವರಲ್ಲ. ಹತ್ತು ದಿನದೊಳಗೆ ಬರೆದಿದ್ದರೆ, ಬೇಕೆಂದೇ ಮಾಡಿದ್ದಲ್ಲದಿದ್ದರೆ, ಅಪರಾಧವೋ ಅಪಘಾತವೋ ಆಗಿಲ್ಲದಿದ್ದರೆ, ಆ ಚೀಟಿ ನಿಮ್ಮನ್ನು ಶಿಕ್ಷೆಯಿಂದ ಕಾಯುತ್ತದೆ. ಒಂದು ಸಣ್ಣ ಕಾಗದದ ಚೂರು. ನನಗೆ ಅದರ ಮೇಲೆ ತುಂಬಾ ಗೌರವ.

ನನ್ನದೂ ಒಂದು ಹೇಳಬೇಕು. ಬಹಳ ವರ್ಷದ ಹಿಂದೆ, ಬೆಂಗಳೂರಿಗೆ ಇಳಿಯುತ್ತಿದ್ದೆವು. ವಿಮಾನ ನನ್ನ ಕೈಯಲ್ಲಿ. ಕ್ಯಾಬಿನ್ನಿನಿಂದ ಇಂಟರ್‌ಕಾಂ ಬಂತು, ಅಜ್ಜಿಯೊಬ್ಬರಿಗೆ ವೀಲ್‌ಚೇರ್ ಹೇಳಿದ್ದೀರಾ ಅಂತ. ಕೋಪೈಲಟ್ ಅದಕ್ಕೆ ಉತ್ತರ ಕೊಡುತ್ತಿದ್ದಳು. ನನ್ನ ಒಂದು ಕಿವಿ ಅಲ್ಲೇ ಇತ್ತು. ರೇಡಿಯೋದಲ್ಲಿ ಎಂಟು ಸಾವಿರ ಅಡಿಗೆ ಇಳಿಯಿರಿ ಎಂದರು. ನಾನೂ ಎಂಟು ಎಂದೇ ಹೇಳಿದೆ. ಕೈ ಮಾತ್ರ ಎತ್ತರದ ಗುಂಡಿಯನ್ನು ಆರಕ್ಕೆ ತಿರುಗಿಸಿತ್ತು. ಅವಳು ಫೋನ್ ಇಟ್ಟು, "ಎಷ್ಟಕ್ಕೆ ಕೊಟ್ರು ಸಾರ್?" ಅಂದಳು. ಎಂಟು ಎಂದೆ. "ಆರಿದೆ ಸಾರ್."

ಅಷ್ಟೇ. ತಿರುಗಿಸಿದೆವು, ಇಳಿದೆವು. ಪಾರ್ಕಿಂಗಿನಲ್ಲಿ ಅವಳು, "ರಿಪೋರ್ಟ್ ಹಾಕೋಣ್ವಾ ಸಾರ್?" ಎಂದು ಕೇಳಿದಳು. ಏನೂ ಆಗಿಲ್ವಲ್ಲಮ್ಮ, ಸುಮ್ನೆ ಯಾಕೆ ಎಂದುಬಿಟ್ಟೆ. ಯಾಕೆಂದರೆ ಅದಕ್ಕೆ ಕೆಲವೇ ದಿನ ಮೊದಲು ನನ್ನ ಗೆಳೆಯನೊಬ್ಬ ಪ್ರಾಮಾಣಿಕವಾಗಿ ಬರೆದುಕೊಟ್ಟು ಮೆಮೋ ತಿಂದಿದ್ದ, ರೋಸ್ಟರಿನಿಂದ, ಅಂದರೆ ಡ್ಯೂಟಿ ಪಟ್ಟಿಯಿಂದ, ಹೊರಗಿದ್ದ. ಕೋಲು ಹಿಡಿದವನ ಕೈ ಅಂದೆನಲ್ಲ, ಅದೇ. ಆದರೂ ಆ ದಿನ ನಾನು ಸುಮ್ಮನಿದ್ದದ್ದು ತಪ್ಪು. ಇಂಟರ್‌ಕಾಂ ಬರುವ ಹೊತ್ತಿಗೇ ಕ್ಲಿಯರೆನ್ಸ್ ಬಂದರೆ ಹೀಗಾಗುತ್ತದೆ ಎಂದು ಇನ್ನೊಬ್ಬ ಪೈಲಟ್‌ಗೆ ತಿಳಿಯಬೇಕಿತ್ತು. ನನ್ನಿಂದ ತಿಳಿಯಲಿಲ್ಲ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಲ್ಯಾಪ್‌ಟಾಪ್ ವಿಷಯ ಉದ್ದಕ್ಕೆ ಹೇಳಬೇಕೆಂದಿದ್ದೆ. 2009ರಲ್ಲಿ ನಾರ್ತ್‌ವೆಸ್ಟ್ 188ರ ಪೈಲಟ್‌ಗಳಿಬ್ಬರೂ ಲ್ಯಾಪ್‌ಟಾಪಿನಲ್ಲಿ ಡ್ಯೂಟಿ ಹಂಚಿಕೆ ನೋಡುತ್ತಾ ಮಿನಿಯಾಪೊಲಿಸ್ ದಾಟಿ ಹೋದರು. ಗಗನಸಖಿ ಎಷ್ಟು ಹೊತ್ತಿಗೆ ಇಳಿಯುತ್ತೇವೆ ಎಂದು ಕೇಳಿದಾಗಲೇ ಎಚ್ಚರ. ಉಳಿದದ್ದು ನೀವೇ ಓದಿಕೊಳ್ಳಿ.

ಮಂಗಳೂರಿನವರು ಇದ್ದೀರಿ, ಅದಕ್ಕೆ ಒಂದು ಮಾತು. 2010ರ ಮೇ 22ರಂದು ಬಜ್ಪೆಯ ವಿಮಾನ ದುರಂತದಲ್ಲಿ ಕೋಪೈಲಟ್ ಮೂರು ಸಲ ಗೋ ಅರೌಂಡ್, ಅಂದರೆ ಇಳಿಯುವುದು ಬಿಟ್ಟು ಮತ್ತೆ ಮೇಲೇರಿ, ಅಂದಿದ್ದರು. 158 ಜನ ತೀರಿಕೊಂಡರು. ಅದು ಗಮನದ ವಿಷಯಕ್ಕಿಂತ ದೊಡ್ಡದು, ಇವತ್ತು ಸಮಯ ಇಲ್ಲ.

ನಮ್ಮಲ್ಲೂ ವಿಮಾನಯಾನದ ನಿಯಮ ನೋಡಿಕೊಳ್ಳುವ ಡಿಜಿಸಿಎಗೆ ಸ್ವಯಂಪ್ರೇರಿತ ವರದಿ ಕಳಿಸಬಹುದು. ಕಳಿಸಿ. ಆದರೆ ಪತ್ರ ತೆಗೆದುಕೊಳ್ಳುವವರು ಬೇರೆ, ದಂಡ ಹಾಕುವವರು ಬೇರೆ ಆಗಬೇಕು ಎಂದು ನಾನು ಕೇಳುತ್ತಲೇ ಇರುತ್ತೇನೆ. ಬ್ರಿಟನ್ನಿನಲ್ಲಿ 1982ರಿಂದಲೇ ಗುಟ್ಟು ಕಾಯುವ ಇಂಥ ಏರ್ಪಾಡು ಇದೆ. ನಮಗೆ ಯಾಕೆ ಆಗಬಾರದು?

ಆ ಕೋಪೈಲಟ್ ಈಗ ಕ್ಯಾಪ್ಟನ್. ಹೋದ ತಿಂಗಳು ಫೋನ್ ಮಾಡಿದ್ದಳು, "ಸಾರ್, ನಂದೊಂದು ತಪ್ಪು ಬರೆದು ಕಳಿಸಿದೆ" ಎಂದು. ಅವಳು ಇವತ್ತು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಮೊದಲ ಪ್ರಶ್ನೆ ನನಗಲ್ಲ, ಅವಳಿಗೆ ಕೇಳಿ.