ಹಿಂದೆ ಕೂತವರ ಕೈಯಲ್ಲಿ ದಿಕ್ಕು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ತಿಪಟೂರು ಕಡೆಯವನು. ನಮ್ಮ ಕಡೆ ನೀರು ಅಂದರೆ ಕೆರೆ. ಅದೂ ಮಳೆ ಚೆನ್ನಾಗಿ ಆದ ವರ್ಷ ಮಾತ್ರ. ನನಗೆ ಈಜು ಬರುವುದಿಲ್ಲ. ನನ್ನ ಹೆಂಡತಿ ಗಂಗೊಳ್ಳಿಯವಳು. ಐದು ಹೊಳೆಗಳು ಒಂದಾಗಿ ಕಡಲು ಸೇರುವ ಊರು ಅದು. ಅಕ್ಷರ ಕಲಿಯುವ ಮೊದಲೇ ದೋಣಿಯಲ್ಲಿ ಹುಟ್ಟು ಹಾಕುವುದನ್ನು ಕಲಿತವಳು ಅವಳು. ಮದುವೆಯಾಗಿ ಮೂವತ್ತು ವರ್ಷ ದಾಟಿತು. ಅಷ್ಟೂ ವರ್ಷ ಅವಳ ಜೊತೆ ದೋಣಿ ಹತ್ತುವುದನ್ನು ನಾನು ಏನೇನೋ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಕೊನೆಗೆ ಸಿಕ್ಕಿಬಿದ್ದದ್ದು ಕ್ರೊಯೇಷಿಯಾದಲ್ಲಿ.

ನಮ್ಮ ಮಗಳು ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾಳೆ. ಹೋದ ಸೆಪ್ಟೆಂಬರ್‌ನಲ್ಲಿ ಅವಳ ಮನೆಗೆ ಹೋಗಿದ್ದೆವು. ಕ್ರೊಯೇಷಿಯಾ 2023ರ ಜನವರಿಯಿಂದ ಷೆಂಗೆನ್ ದೇಶಗಳ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ, ಸಾಲಿಗೆ ಸೇರಿದೆ. ಅಲ್ಲಿ ಈಗ ಹಣವೂ ಯೂರೋನೇ. ಹಾಗಾಗಿ ಜರ್ಮನಿಗೆ ಅಂತ ಮಾಡಿಸಿದ ವೀಸಾ ಅಲ್ಲಿಗೂ ನಡೆಯಿತು. ಮಗಳು ದುಬ್ರೋವ್ನಿಕ್ ಊರಿಗೆ ವಿಮಾನದ ಟಿಕೆಟ್ ಮಾಡಿದಳು. ಅದರ ಜೊತೆಗೆ, ನನಗೆ ಒಂದು ಮಾತೂ ಹೇಳದೆ, ಸಂಜೆಯ ಕಯಾಕ್ ಸುತ್ತಾಟಕ್ಕೂ ಹಣ ಕಟ್ಟಿಬಿಟ್ಟಿದ್ದಳು. ಗೈಡ್ ಜೊತೆ ಸಮುದ್ರದಲ್ಲಿ ಹುಟ್ಟು ಹಾಕಿಕೊಂಡು ಹೋಗಿ, ಸೂರ್ಯ ಮುಳುಗುವುದನ್ನು ನೋಡಿ, ಹಾಗೇ ವಾಪಸ್ಸು ಬರುವುದು. ಸುಮಾರು ಮೂರು ಗಂಟೆಯ ಕೆಲಸ.

ಕಯಾಕ್ ಅಂದರೆ ಉದ್ದಕ್ಕೆ, ಕಿರಿದಾಗಿ, ನೀರಿಗೆ ಅಂಟಿಕೊಂಡಂತೆ ತೇಲುವ ದೋಣಿ. ಇದನ್ನು ಮೊದಲು ಕಟ್ಟಿದವರು ಉತ್ತರ ಧ್ರುವದ ಕಡೆಯ ಇನುಯಿಟ್ ಜನ. ತೇಲಿ ಬಂದ ಮರ, ತಿಮಿಂಗಿಲದ ಮೂಳೆ ಜೋಡಿಸಿ, ಮೇಲೆ ಸೀಲ್ ಪ್ರಾಣಿಯ ಚರ್ಮ ಹೊದಿಸುತ್ತಿದ್ದರು. ಈಗ ಎಲ್ಲಾ ಪ್ಲಾಸ್ಟಿಕ್. ಹುಟ್ಟು ಒಂದೇ, ಆದರೆ ಅದರ ಎರಡೂ ತುದಿಗೆ ಅಲಗು ಇರುತ್ತದೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಎಳೆಯಬೇಕು.

ಹೋದ ಮೊದಲ ದಿನ ನಾನು ಬಚಾವಾದೆ. ಅವತ್ತು ಯುಗೊ ಬೀಸುತ್ತಿತ್ತು. ಯುಗೊ ಅಂದರೆ ಆಗ್ನೇಯದಿಂದ ಬರುವ ಬೆಚ್ಚಗಿನ, ಒದ್ದೆ ಗಾಳಿ. ಇಲ್ಲಿಯ ಕಡಲು ಏಡ್ರಿಯಾಟಿಕ್. ಅದರ ಕರಾವಳಿಯಲ್ಲಿ ಗಾಳಿಗಳಿಗೆಲ್ಲ ಮನೆಮಕ್ಕಳ ಹಾಗೆ ಹೆಸರಿದೆ. ಬೆಟ್ಟದ ಕಡೆಯಿಂದ ನುಗ್ಗುವ ತಣ್ಣನೆಯ ಒಣ ಗಾಳಿ ಬುರಾ. ಬೇಸಿಗೆಯ ಮಧ್ಯಾಹ್ನ ಸಮುದ್ರದಿಂದ ಬರುವ ತಂಪು ಗಾಳಿ ಮಾಯೆಸ್ತ್ರಾಲ್. ಮೂವರಲ್ಲಿ ಒಳ್ಳೆಯವನು ಇವನೇ. ಯುಗೊ ಬೀಸಿದರೆ ಮಾತ್ರ ಊರಿಗೆ ಊರೇ ಮುಖ ಗಂಟು ಹಾಕಿಕೊಳ್ಳುತ್ತದೆ. ತಲೆನೋವು ಅನ್ನುತ್ತಾರೆ, ಮೈಭಾರ ಅನ್ನುತ್ತಾರೆ. ಹಿಂದೆ ಇಲ್ಲಿ ಸ್ವತಂತ್ರ ಗಣರಾಜ್ಯ ಇದ್ದ ಕಾಲದಲ್ಲಿ, ಯುಗೊ ಬೀಸುವ ದಿನ ಸಭೆ ಕೂತು ದೊಡ್ಡ ತೀರ್ಮಾನ ಮಾಡುತ್ತಿರಲಿಲ್ಲವಂತೆ. ಇದು ಊರಿನವರು ಹೇಳುವ ಕತೆ. ನಿಜವೋ ಸುಳ್ಳೋ, ನಮ್ಮ ಕಡೆಯ ಕೆಲವು ಸಭೆಗಳಿಗೂ ಇಂಥ ಒಂದು ಗಾಳಿ ಬೇಕಿತ್ತು ಅನ್ನಿಸಿತು.

ಎರಡು ದಿನ ಬಿಟ್ಟು ಗಾಳಿ ನಿಂತಿತು. ನನ್ನ ನೆಪವೂ ಮುಗಿಯಿತು.

ಹೊರಡುವ ಜಾಗ ಹಳೆಯ ಊರಿನ ಸುತ್ತ ಇರುವ ಕೋಟೆಯ ಪಶ್ಚಿಮ ಬಾಗಿಲಿನ ಹೊರಗೆ. ಪಿಲೆ ಅಂತ ಹೆಸರು. ಮೆಟ್ಟಿಲಿಳಿದು ಹೋದರೆ ಒಂದು ಪುಟ್ಟ ಕೊಲ್ಲಿ. ಬಲಕ್ಕೆ ಲೊವ್ರಿಯೆನಾತ್ಸ್ ಎಂಬ ಬಿಡಿ ಕೋಟೆ, 37 ಮೀಟರ್ ಎತ್ತರದ ಬಂಡೆಯ ಮೇಲೆ. ಎಡಕ್ಕೆ ಊರಿನ ಗೋಡೆ. ಸಂಜೆ ನಾಲ್ಕೂವರೆಗೆ ಅಲ್ಲಿ ಹತ್ತು ಹನ್ನೆರಡು ಜನ ಸೇರಿದ್ದೆವು. ಗೈಡ್ ಒಬ್ಬಳು ಕಾಲೇಜು ಹುಡುಗಿ. ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಸಿ, ಪಟ್ಟಿ ಎಳೆದು ನೋಡಿದಳು. ನನ್ನದನ್ನು ಎರಡು ಸಲ ಎಳೆದು ನೋಡಿದಳು. ಮುಖದಲ್ಲೇ ಗೊತ್ತಾಗಿರಬೇಕು. ಮೊಬೈಲು, ಪಾಸ್‌ಪೋರ್ಟು ನೀರು ಹೋಗದ ಚೀಲಕ್ಕೆ. ಕಾಲಿಗೆ ರಬ್ಬರ್ ಚಪ್ಪಲಿ ಇರಲೇಬೇಕು. ದಡದ ಬಂಡೆಗಳಲ್ಲಿ ಕಡಲ ಮುಳ್ಳುಜೀವಿಗಳು ಕೂತಿರುತ್ತವೆ. ಕಪ್ಪಗೆ, ಮೈತುಂಬಾ ಮುಳ್ಳು. ತುಳಿದರೆ ಮುಳ್ಳು ಒಳಗೇ ಮುರಿಯುತ್ತದೆ.

ಇಬ್ಬರು ಕೂರುವ ಕಯಾಕ್‌ನಲ್ಲಿ ಒಂದು ಪದ್ಧತಿ ಇದೆ. ಮುಂದೆ ಕೂತವರು ಲಯ ಹಿಡಿಯಬೇಕು. ಹಿಂದೆ ಕೂತವರು ದಿಕ್ಕು ನೋಡಿಕೊಳ್ಳಬೇಕು. ಬಲ, ಅನುಭವ ಇರುವವರು ಹಿಂದೆ. ಹಾಗಂದ ಕೂಡಲೇ ಗಂಡಸರೆಲ್ಲ ಹಿಂದಕ್ಕೆ ನಡೆದರು. ನಮ್ಮಲ್ಲಿ ಮಾತ್ರ ಚರ್ಚೆಯೇ ಆಗಲಿಲ್ಲ. ಹೆಂಡತಿ ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಈ ಜೋಡಿ ದೋಣಿಗೆ ಜನ ತಮಾಷೆಗೆ ವಿಚ್ಛೇದನದ ದೋಣಿ ಅನ್ನುತ್ತಾರೆ ಅಂತ ಗೈಡ್ ನಕ್ಕಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಹೊರಟ ಐದು ನಿಮಿಷಕ್ಕೆ ಯಾಕೆ ಆ ಹೆಸರು ಅಂತ ತಿಳಿಯಿತು. ನಾನು ಎಡಕ್ಕೆ ಎಳೆದರೆ ಅವಳು ಬಲಕ್ಕೆ. ಹುಟ್ಟಿಗೆ ಹುಟ್ಟು ಟಣ್ ಅಂತ ಬಡಿಯಿತು. ಹಿಂದೆ ಏನಾಗುತ್ತಿದೆ ಅಂತ ಮುಂದಿನವರಿಗೆ ಕಾಣುವುದಿಲ್ಲ. ಬರೀ ದನಿ ಕೇಳುತ್ತದೆ. "ಹ್ವಾಯ್, ನೀರಿಗೆ ಎಂತಕ್ಕೆ ಹೊಡೀತ್ರಿ ಮಾರಾಯ್ರೆ?" ನಾನು ಬರೀ ತೋಳಿನಿಂದ ಎಳೆಯುತ್ತಿದ್ದೆ. ಹಾಗೆ ಎಳೆದರೆ ಹತ್ತೇ ನಿಮಿಷಕ್ಕೆ ಭುಜ ಸೋಲುತ್ತದೆ. ತೋಳು ನೆಟ್ಟಗಿಟ್ಟು, ಸೊಂಟದ ಮೇಲಿನ ಮೈಯನ್ನೇ ತಿರುಗಿಸಬೇಕು. ಬೀಸುವ ಕಲ್ಲಿನ ಮುಂದೆ ಕೂತು ರಾಗಿ ಬೀಸುವವರ ಮೈ ತೂಗುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಅದು ತಲೆಗೆ ಬಂದ ಮೇಲೆ ಸ್ವಲ್ಪ ಹಾದಿಗೆ ಬಂದೆ.

ಊರಿನ ಗೋಡೆಯ ಬುಡದಲ್ಲೇ ದಾರಿ. ಇಡೀ ಗೋಡೆ ಸುಮಾರು 1,940 ಮೀಟರ್ ಉದ್ದ. ಕೆಲವು ಕಡೆ 25 ಮೀಟರ್ ಎತ್ತರ. ಹಿಂದಿನ ದಿನ ಟಿಕೆಟ್ ಕೊಟ್ಟು ಅದರ ಮೇಲೆ ನಡೆದಿದ್ದೆವು. ಮೇಲಿಂದ ಅದು ಒಂದು ಚಂದದ ದಾರಿ, ಅಷ್ಟೆ. ಕೆಳಗೆ, ನೀರಿನ ಮಟ್ಟದಲ್ಲಿ ಕೂತು ತಲೆ ಎತ್ತಿ ನೋಡಿದರೆ ಬೇರೆಯೇ. ಬಂಡೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಗೊತ್ತೇ ಆಗುವುದಿಲ್ಲ. ಇದನ್ನು ಕಟ್ಟಿದವರ ಮನಸ್ಸಿನಲ್ಲಿ ಇದ್ದದ್ದು ನಡೆಯುವವರಲ್ಲ, ಹಡಗಿನಲ್ಲಿ ಬರುವವರು.

ಅವರ ಅನುಮಾನ ಹೊರಗಿನವರ ಮೇಲೆ ಮಾತ್ರ ಇರಲಿಲ್ಲ. ಲೊವ್ರಿಯೆನಾತ್ಸ್ ಕೋಟೆಯ ಗೋಡೆ ಸಮುದ್ರದ ಕಡೆ 12 ಮೀಟರ್‌ವರೆಗೂ ದಪ್ಪ. ಊರಿನ ಕಡೆ ಬರೀ 60 ಸೆಂಟಿಮೀಟರ್. ಕೋಟೆಯ ಯಜಮಾನನೇ ತಿರುಗಿಬಿದ್ದರೆ ಊರಿನಿಂದ ಹೊಡೆದು ಬೀಳಿಸಬೇಕಲ್ಲ, ಅದಕ್ಕೆ. ಗಣರಾಜ್ಯದ ಮುಖ್ಯಸ್ಥನಿಗೂ ಅಧಿಕಾರ ಒಂದೇ ತಿಂಗಳು. 1358ರಲ್ಲಿ ವೆನಿಸ್‌ನ ಹಿಡಿತದಿಂದ ಬಿಡಿಸಿಕೊಂಡವರು, 1667ರ ದೊಡ್ಡ ಭೂಕಂಪವನ್ನೂ ತಡೆದುಕೊಂಡು, 1808ರಲ್ಲಿ ನೆಪೋಲಿಯನ್‌ನ ಸೇನೆ ಗಣರಾಜ್ಯವನ್ನೇ ರದ್ದು ಮಾಡುವ ತನಕ ಹೀಗೇ ಯಾರನ್ನೂ ಪೂರ್ತಿ ನಂಬದೆ ನಡೆಸಿಕೊಂಡು ಬಂದರು. ಆ ಕೋಟೆಯ ಬಾಗಿಲ ಮೇಲೆ ಲ್ಯಾಟಿನ್‌ನಲ್ಲಿ ಕೆತ್ತಿದ್ದಾರೆ: ಲೋಕದ ಚಿನ್ನವನ್ನೆಲ್ಲ ಕೊಟ್ಟರೂ ಸ್ವಾತಂತ್ರ್ಯವನ್ನು ಮಾರುವುದು ಸರಿಯಲ್ಲ ಅಂತ.

ಗೋಡೆಯ ಪಕ್ಕ ನನಗೆ ಹೊಟ್ಟೆ ತೊಳಸತೊಡಗಿತು. ಗಾಳಿ ನಿಂತಿದ್ದರೂ ಯುಗೊ ಎಬ್ಬಿಸಿದ ಅಲೆ ಪೂರ್ತಿ ಇಳಿದಿರಲಿಲ್ಲ. ಬಂದ ಅಲೆ ಬಂಡೆಗೆ ಬಡಿದು ಹಿಂದಕ್ಕೆ ಬರುತ್ತದೆ. ಬರುವ ಅಲೆ, ಹೋಗುವ ಅಲೆ ಎರಡೂ ಸೇರಿ ನೀರು ಅನ್ನ ಕುದಿಯುವ ಹಾಗೆ ಅಲ್ಲಲ್ಲೇ ಎದ್ದು ಬೀಳುತ್ತದೆ. ಗೈಡ್ ಹುಡುಗಿ ಎಲ್ಲರನ್ನೂ ಗೋಡೆಯಿಂದ ದೂರ ಬನ್ನಿ ಅಂದಳು. ಅವಳು ಬಾಯಿ ತೆರೆಯುವ ಮೊದಲೇ ನಮ್ಮ ದೋಣಿ ತಿರುಗಿತ್ತು. ಹಿಂದಿನಿಂದ ಒಂದು ಕೈ ಬಂದು ನನ್ನ ಭುಜದ ಹತ್ತಿರ ಒಂದು ಚೂರು ಒಣಶುಂಠಿ ಹಿಡಿಯಿತು. ಅದನ್ನು ಅವಳು ಮ್ಯೂನಿಕ್‌ನಿಂದಲೇ ಗಂಟು ಕಟ್ಟಿಕೊಂಡು ಬಂದಿದ್ದಳು.

ಶುಂಠಿ ಜಗಿಯುತ್ತಾ ಮೇಲೆ ನೋಡಿದೆ. ಗೋಡೆಯಲ್ಲಿ ಒಂದು ಸಣ್ಣ ಕಿಂಡಿ. ಅದರಿಂದ ಹೊರಗೆ ಬಂದರೆ ಬಂಡೆಗಳ ಮೇಲೆ ಕುರ್ಚಿ ಹಾಕಿದ ಪಾನೀಯದಂಗಡಿ. ಅದರ ಹೆಸರೇ ಬುಝಾ, ಅಂದರೆ ತೂತು. ಹುಡುಗರು ಅಲ್ಲಿಂದ ನೀರಿಗೆ ಹಾರುತ್ತಿದ್ದರು. ಮುಂದೆ ಹಳೆಯ ಬಂದರಿನ ಬಾಯಿ. ಹಿಂದೆ ರಾತ್ರಿಯಾದರೆ ಇದಕ್ಕೆ ಅಡ್ಡಲಾಗಿ ಕಬ್ಬಿಣದ ಸರಪಳಿ ಎಳೆಯುತ್ತಿದ್ದರು. ಈಗ ಪ್ರವಾಸಿ ದೋಣಿಗಳ ಗದ್ದಲ. ಎಲ್ಲ ಕಯಾಕ್‌ಗಳೂ ಒಂದು ಗುಂಪಾಗಿ ಬೇಗ ದಾಟಬೇಕು. ಬಿಡಿಬಿಡಿಯಾಗಿ ಹೋದರೆ ದೊಡ್ಡ ದೋಣಿಯವರಿಗೆ ನಾವು ಕಾಣುವುದೇ ಇಲ್ಲ.

ಬಂದರು ದಾಟಿದ ಮೇಲೆ ಬೆತಿನಾ ಗುಹೆ. ಸಮುದ್ರದಿಂದ ಬಿಟ್ಟರೆ ಅಲ್ಲಿಗೆ ಬೇರೆ ದಾರಿ ಇಲ್ಲ. ದೊಡ್ಡ ಗವಿ, ಒಳಗೆ ಉರುಟು ಕಲ್ಲಿನ ಪುಟ್ಟ ದಡ. ಈ ಊರಿನ ಗಣಿತಜ್ಞ ಮರಿನ್ ಗೆತಾಲ್ದಿಚ್ 1568ರಿಂದ 1626ರವರೆಗೆ ಬದುಕಿದ್ದವನು. ಸೂರ್ಯನ ಬೆಳಕನ್ನು ಒಂದೇ ಕಡೆ ಕೂಡಿಸುವ ಬಾಗುಗನ್ನಡಿಗಳನ್ನು ಮಾಡಿದವನು. ಅವನ ಪ್ರಯೋಗಗಳಿಗೆ ಇದೇ ಜಾಗವಂತೆ. ಮೀನುಗಾರರು ಇವನನ್ನು ಮಾಟಗಾರ ಅಂತಲೇ ತಿಳಿದಿದ್ದರಂತೆ. ಗುಹೆಗೂ ಅವನ ಅಡ್ಡಹೆಸರೇ ಉಳಿದಿದೆ.

ಅಲ್ಲಿ ಇಳಿದು ಬ್ರೆಡ್ ತಿಂದೆವು. ನೀರು ಎಷ್ಟು ತಿಳಿ ಅಂದರೆ ನಾಲ್ಕಾಳು ಆಳದ ಕಲ್ಲೂ ಎಣಿಸಬಹುದು. ಹೆಂಡತಿಗೆ ಅದು ಸರಿಹೋಗಲಿಲ್ಲ. ಮಣ್ಣಿಲ್ಲದ ಕಡಲಲ್ಲಿ ಮೀನು ಏನು ತಿನ್ನುತ್ತದೆ ಅಂತ ಅವಳ ಪ್ರಶ್ನೆ. ಮಾತು ಸುಳ್ಳಲ್ಲ. ಇಲ್ಲಿಯ ಬೆಟ್ಟ ಪೂರ್ತಿ ಸುಣ್ಣದ ಕಲ್ಲು. ಮಳೆ ನೀರು ಬಿರುಕುಗಳಲ್ಲಿ ಇಳಿದುಹೋಗುತ್ತದೆ. ಗಂಗೊಳ್ಳಿಯ ಹಾಗೆ ಕೆಂಪು ಮಣ್ಣು ಹೊತ್ತು ತರುವ ಹೊಳೆಗಳಿಲ್ಲ. ಹಾಗಾಗಿ ನೀರು ಕನ್ನಡಿ, ಆದರೆ ಮೇವು ಕಡಿಮೆ. ಅವಳಿಗೆ ಇನ್ನೂ ಒಂದು ವಿಚಿತ್ರ ಕಂಡಿತು. ಬಂಡೆಯ ಮೇಲೆ ಉಬ್ಬರದ ಗುರುತೇ ಸರಿಯಾಗಿ ಇಲ್ಲ. ಇಲ್ಲಿ ಉಬ್ಬರ ಇಳಿತದ ನಡುವೆ ಒಂದು ಒಂದೂವರೆ ಗೇಣು ಅಂತರ, ಅಷ್ಟೆ. "ಇದು ಕಡಲಲ್ಲ, ಕೆರೆ," ಅಂದಳು. ತಿಪಟೂರಿನವನಿಗೆ ಆ ಮಾತಿನಿಂದ ಸ್ವಲ್ಪ ಧೈರ್ಯ ಬಂತು.

ನಾವು ಭಾರತದವರು ಅಂತ ತಿಳಿದು ಗೈಡ್ ಹುಡುಗಿ ಒಂದು ಸಂಗತಿ ಹೇಳಿದಳು. ದುಬ್ರೋವ್ನಿಕ್‌ನ ಕಾವಲು ಸಂತ ಸ್ವೇತಿ ವ್ಲಾಹೊ. ಕೈಯಲ್ಲಿ ಊರಿನ ಪುಟ್ಟ ಮಾದರಿ ಹಿಡಿದ ಅವನ ಮೂರ್ತಿ ಕೋಟೆ ಬಾಗಿಲ ಮೇಲೆಲ್ಲ ಇದೆ. ಅದೇ ಸಂತನ ಹೆಸರಿನ ಹಳೆಯ ಚರ್ಚು ಗೋವಾದ ಗಂದೌಲಿಯಲ್ಲೂ ಇದೆ. ಅದು ಇಲ್ಲಿಂದ ಬಂದ ವ್ಯಾಪಾರಿಗಳದ್ದು ಅನ್ನುವ ಮಾತಿದೆ. ಕಾರವಾರದಿಂದ ಎಷ್ಟು ದೂರ ಅದು, ಹೇಳಿ! ಸಲ ಸಲ ಗೋವಾಕ್ಕೆ ಹೋಗಿದ್ದೇವೆ, ಕೇಳಿಯೇ ಇರಲಿಲ್ಲ.

ಅಲ್ಲಿಂದ ಲೋಕ್ರುಮ್ ದ್ವೀಪದ ಕಡೆಗೆ. ಇದು ಊರಿನಿಂದ ಸುಮಾರು 600 ಮೀಟರ್. ಪೂರ್ತಿ ಕಾಡು, ನವಿಲುಗಳಿವೆ, ಹಳೆಯ ಮಠ ಒಂದಿದೆ. ಆದರೆ ರಾತ್ರಿ ಯಾರೂ ಉಳಿಯುವ ಹಾಗಿಲ್ಲ. ಅದಕ್ಕೂ ಕತೆ ಇದೆ. ಮಠದಿಂದ ತಮ್ಮನ್ನು ಹೊರಗೆ ಹಾಕಿದಾಗ ಸನ್ಯಾಸಿಗಳು ಮೇಣದ ಬತ್ತಿಯನ್ನು ತಲೆಕೆಳಗು ಹಿಡಿದು, ಮೇಣ ಸುರಿಸುತ್ತಾ ದ್ವೀಪಕ್ಕೆ ಮೂರು ಸುತ್ತು ಬಂದು ಶಾಪ ಹಾಕಿದರಂತೆ. ದ್ವೀಪದ ಒಂದು ತುದಿಯ ಬಂಡೆಗಳ ಮೇಲೆ ಜನ ಹುಟ್ಟುಡುಗೆಯಲ್ಲಿ ಬಿಸಿಲು ಕಾಯಿಸುವ ಜಾಗವೂ ಇದೆ. ಅದು ಹತ್ತಿರ ಬಂದಾಗ ಹಿಂದಿನಿಂದ ಆಜ್ಞೆ ಬಂತು, ಸುಮ್ನೆ ಮುಂದೆ ನೋಡಿ ಅಂತ. ನಿಜ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ. ಕೊನೆಯ ದೋಣಿಯಲ್ಲಿ ಎಲ್ಲರೂ ಹೋಗಿಯಾಗಿತ್ತು.

ದ್ವೀಪದ ಹೊರಬದಿಗೆ ಬಂದೆವು. ಊರು ಮರೆಯಾಯಿತು. ಎದುರಿಗೆ ಬರೀ ಸಮುದ್ರ. ಗೈಡ್ ಎಲ್ಲ ಕಯಾಕ್‌ಗಳನ್ನೂ ಪಕ್ಕಪಕ್ಕಕ್ಕೆ ತಂದು, ಒಬ್ಬರ ಹುಟ್ಟನ್ನು ಇನ್ನೊಬ್ಬರು ಹಿಡಿದುಕೊಳ್ಳಿ ಅಂದಳು. ಹಾಗೆ ಕಟ್ಟು ಹಾಕಿಕೊಂಡರೆ ದೋಣಿಗಳೆಲ್ಲ ಸೇರಿ ತೆಪ್ಪದ ಹಾಗಾಗುತ್ತವೆ, ಮಗುಚುವುದಿಲ್ಲ. ಅವತ್ತು ಮಧ್ಯಾಹ್ನ ತಿಳಿಯಾಗಿ ಬೀಸಿದ್ದ ಮಾಯೆಸ್ತ್ರಾಲ್ ಈಗ ಪೂರ್ತಿ ನಿಂತಿತ್ತು. ಹಗಲು ನೆಲ ಕಾಯ್ದು ಸಮುದ್ರದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಬಿಸಿಲು ಇಳಿದರೆ ಆ ಎಳೆತ ಇಲ್ಲ. ಸಂಜೆ ಹೊತ್ತಿಗೇ ಈ ಸುತ್ತಾಟ ಇಡುವುದು ಬರೀ ಚಂದಕ್ಕಲ್ಲ ಅಂತ ಆಗ ಗೊತ್ತಾಯಿತು.

ಆರೂಮುಕ್ಕಾಲು ಹೊತ್ತಿಗೆ ಸೂರ್ಯ ನೀರು ಮುಟ್ಟಿದ. ಸೆಪ್ಟೆಂಬರ್ ಕೊನೆಯಾದ್ದರಿಂದ ಸರಿಯಾಗಿ ಪಶ್ಚಿಮಕ್ಕೆ. ಅವನು ಇಳಿಯುವ ರೀತಿ ನೋಡಿ ನನಗೆ ಆಶ್ಚರ್ಯವಾಯಿತು. ಮಲ್ಪೆಯಲ್ಲೋ ಮರವಂತೆಯಲ್ಲೋ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಮುಳುಗುತ್ತಾನೆ. ನೋಡನೋಡುತ್ತಲೇ ಕತ್ತಲೆ. ಇಲ್ಲಿ ಓರೆಯಾಗಿ, ಬಲಕ್ಕೆ ಜಾರುತ್ತಾ ಇಳಿದ. ದುಬ್ರೋವ್ನಿಕ್ ಭೂಮಧ್ಯರೇಖೆಯಿಂದ ಸುಮಾರು 42 ಡಿಗ್ರಿ ಉತ್ತರಕ್ಕಿದೆ. ಅದಕ್ಕೇ ಸಂಜೆ ಉದ್ದ. ಮುಳುಗಿದ ಮೇಲೂ ಅರ್ಧ ಗಂಟೆ ಬೆಳಕು ಉಳಿಯುತ್ತದೆ. ಆ ಅರ್ಧ ಗಂಟೆಯಲ್ಲಿ ನಾವು ದಡ ಸೇರಬೇಕು.

ಯಾರೂ ಮಾತಾಡಲಿಲ್ಲ. ಕ್ಯಾಮೆರಾಗಳು ಕೂಡ ಸ್ವಲ್ಪ ಹೊತ್ತಿಗೆ ಕೆಳಗಿಳಿದವು. ದೋಣಿಯ ಹೊಟ್ಟೆಗೆ ನೀರು ತಾಗುವ ಸಣ್ಣ ಸದ್ದು ಮಾತ್ರ. ಹಿಂದೆ ಹೆಂಡತಿ ಏನು ಮಾಡುತ್ತಿದ್ದಾಳೋ ನೋಡಲು ತಿರುಗಿದೆ. ದೋಣಿ ವಾಲಿತು. "ಸುಮ್ನೆ ಕೂಕಣಿ," ಅಂದಳು. ದನಿಯಲ್ಲಿ ಬೈಗುಳ ಇರಲಿಲ್ಲ.

ವಾಪಸ್ಸು ಬರುವಾಗ ನನ್ನ ಲಯ ಸರಿಯಾಗಿತ್ತು. ಹುಟ್ಟು ಒಂದು ಸಲವೂ ಬಡಿಯಲಿಲ್ಲ. ಅಥವಾ ಅವಳೇ ಎಳೆಯುವುದನ್ನು ನನಗೆ ಹೊಂದಿಸಿಕೊಂಡಿದ್ದಳೋ ಏನೋ. ಗೋಡೆಯ ದೀಪಗಳು ಹತ್ತಿದವು. ಸುಣ್ಣದ ಕಲ್ಲು ಹಳದಿಯಾಗಿ, ನೀರಲ್ಲಿ ಅಲ್ಲಾಡುತ್ತಿತ್ತು. ಪಿಲೆ ಕೊಲ್ಲಿ ಸೇರಿ ಎದ್ದು ನಿಂತರೆ ನನ್ನ ಕಾಲು ಕಾಲೇ ಅಲ್ಲ, ಪೂರ್ತಿ ಜೋಮು. ಇಬ್ಬರು ಹಿಡಿದು ದಡಕ್ಕೆ ಎಳೆದರು. ಹೆಂಡತಿ ಆಗಲೇ ಇಳಿದು, ಸೀರೆಯ ಬದಲು ಹಾಕಿದ್ದ ಮಗಳ ಪ್ಯಾಂಟಿನ ನೀರು ಹಿಂಡುತ್ತಾ ನಿಂತಿದ್ದಳು. ಗೈಡ್ ಹುಡುಗಿ ಅವಳ ಹತ್ತಿರ ಬಂದು, ಎಲ್ಲಿ ಕಲಿತಿರಿ ಅಂತ ಕೇಳಿದಳು. ಇವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. "ಹೋಮ್," ಅಂದಳು.

ರಾತ್ರಿ ಮಗಳು ಫೋನ್ ಮಾಡಿದಳು. ಹೇಗಿತ್ತು, ಯಾರು ಜಾಸ್ತಿ ಹುಟ್ಟು ಹಾಕಿದ್ದು ಅಂತ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಫೋನ್ ತೆಗೆದುಕೊಂಡು ಹೇಳಿದಳು: "ನಿನ್ನ ಅಪ್ಪಯ್ಯ ಮುಂದೆ ಕೂತಿದ್ದರು."

ನಮಸ್ಕಾರ.